ಎಡಗಡೆ ಆಕ್ಸಲ್ ಮಾತ್ರ ಯಾಕೆ ಹೋಗುತ್ತಿದೆ?

ಪ್ರಶ್ನೆ: ನಮಸ್ಕಾರ ಸರ್. ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್ ಎಂಜಿನ್, 1 ಲಕ್ಷದ 30 ಸಾವಿರ ಕಿಲೋಮೀಟರ್ ಓಡಿದೆ. ಮನೆ ಮಂಡ್ಯ, ಕೆಲಸ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ. ವಾರಕ್ಕೆ ಆರು ದಿನ ಹೋಗಿ ಬರ್ತೀನಿ. ಎರಡು ವರ್ಷದ ಹಿಂದೆ ಸ್ಪ್ರಿಂಗ್ ಒಂದೊಂದು ಸುತ್ತು ಕತ್ತರಿಸಿ ಗಾಡಿನ 4 ಸೆಂಟಿಮೀಟರಿನಷ್ಟು ತಗ್ಗಿಸಿದೆ. ಅಗಲದ ಟೈರು, ಅಲಾಯ್ ಹಾಕಿಸಿದೆ. ಅಲ್ಲಿಂದಾಚೆ ಎಡಗಡೆ ಆಕ್ಸಲ್ ಎರಡು ಸಲ ಬದಲಾಯಿಸಿದ್ದಾಯ್ತು. ಬಲಗಡೆಯದು ಕಂಪನಿಯದೇ, ಚೆನ್ನಾಗಿದೆ. ಗ್ಯಾರೇಜಿನವರು ಲೋ ಮಾಡಿದ್ದೇ ಕಾರಣ ಅಂತಾರೆ, ಸ್ನೇಹಿತರು ಲೋಕಲ್ ಮಾಲು ಅಂತಾರೆ. ಮನೆ ಮುಂದೆ ಚರಂಡಿ ಮೇಲೆ ಚಪ್ಪಡಿ, ಅದರಾಚೆ ಕಡಿದಾದ ರ್‍ಯಾಂಪ್. ನೇರ ಹೋದರೆ ಬಂಪರ್ ಉಜ್ಜುತ್ತೆ, ಅದಕ್ಕೆ ಎಡಕ್ಕೆ ಫುಲ್ ಕಟ್ ಮಾಡಿ ಓರೆಯಾಗಿ ಹತ್ತಿಸ್ತೀನಿ. ಈಗ ತಿರುಗಿಸುವಾಗ ಮತ್ತೆ ಕಟಕಟ ಶುರುವಾಗಿದೆ. ಏನು ಮಾಡಲಿ?
– ಒಬ್ಬ ಓದುಗರು, ಮಂಡ್ಯ

ಉತ್ತರ: ಗಾಡಿ ತಗ್ಗಿಸಿದಾಗ ಎರಡೂ ಕಡೆ ತಗ್ಗುತ್ತದೆ. ಎರಡೂ ಸ್ಪ್ರಿಂಗ್‌ನಲ್ಲಿ ಒಂದೊಂದು ಸುತ್ತು ತೆಗೆದಿದ್ದೀರಿ. ಟೈರೂ ಎರಡೂ ಕಡೆ ಅಗಲದ್ದೇ. ಹಾಗಿದ್ದ ಮೇಲೆ ಬಲಗಡೆ ಆಕ್ಸಲ್ 1 ಲಕ್ಷದ 30 ಸಾವಿರ ಕಿಲೋಮೀಟರ್ ಆದರೂ ಗಟ್ಟಿಯಾಗಿರುವುದು ಹೇಗೆ? ಗ್ಯಾರೇಜಿನವರ ಮಾತನ್ನೂ ಸ್ನೇಹಿತರ ಮಾತನ್ನೂ ಪಕ್ಕಕ್ಕಿಟ್ಟು ಮೊದಲು ಇದನ್ನು ಯೋಚಿಸಿ. ಎರಡೂ ಕಡೆಗೆ ಸಮನಾಗಿ ಆದದ್ದು ಒಂದೇ ಕಡೆಯದನ್ನು ತಿನ್ನುವುದಿಲ್ಲ. ಎಡಗಡೆಗೆ ಮಾತ್ರ ದಿನಾ ಆಗುತ್ತಿರುವುದು ಏನೋ ಇದೆ, ಅದನ್ನು ಪ್ರಶ್ನೆಯ ಕೊನೆಯಲ್ಲಿ ನೀವೇ ಬರೆದಿದ್ದೀರಿ.

ಆಕ್ಸಲ್ ಅಂದರೆ ಏನು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮುಂದಿನದು ಅರ್ಥವಾಗಲು ಅದು ಬೇಕು. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಆಕ್ಸಲ್ ಅಂದರೆ ಹಿಂದಿನ ಚಕ್ರದ ಸಲಾಕೆ. ಎಂಜಿನ್ ಹಿಂದಿನ ಚಕ್ರವನ್ನು ತಳ್ಳುತ್ತಿತ್ತು, ಮುಂದಿನ ಚಕ್ರ ಬರೀ ತಿರುಗಿಸಲಿಕ್ಕೆ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ನಮ್ಮ ಕಡೆ ರಸ್ತೆಗಳಲ್ಲಿ ಎಳೆಯುವ ಕೆಲಸವೂ ತಿರುಗಿಸುವ ಕೆಲಸವೂ ಮುಂದಿನ ಚಕ್ರದ ಪಾಲಿಗೆ ಬಂತು. ಚಕ್ರ ಓರೆಯಾಗಿದ್ದರೂ ಅದಕ್ಕೆ ಎಳೆತ ಕೊಡಬೇಕು, ಕೊಡುವಾಗ ವೇಗ ಏರುಪೇರಾಗಬಾರದು. ಅದಕ್ಕೇ ಶಾಫ್ಟಿನ, ಅಂದರೆ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಈಗಿನ ಆಕ್ಸಲಿನ, ಎರಡು ತುದಿಗೂ ಸಿವಿ ಜಾಯಿಂಟ್, ಓರೆಯಲ್ಲೂ ವೇಗ ಒಂದೇ ಸಮ ಇಡುವ ಕೀಲು. ಚಕ್ರದ ಕಡೆ ಇರುವ ಹೊರ ಜಾಯಿಂಟಿನಲ್ಲಿ ಆರು ಉಕ್ಕಿನ ಗುಂಡು, ಅವು ಓಡಾಡಲು ಒಳಗೂ ಹೊರಗೂ ಆರಾರು ಕಾಲುವೆಗಳು, ಗುಂಡುಗಳನ್ನು ಸಾಲಾಗಿ ಹಿಡಿದಿಡಲು ಕಿಟಕಿ ಕೊರೆದ ಒಂದು ಬಳೆ. ಅದಕ್ಕೆ ಕೇಜ್ ಅನ್ನುತ್ತೇವೆ. ಗೇರ್‌ಬಾಕ್ಸ್ ಕಡೆಯ ಒಳ ಜಾಯಿಂಟ್ ಬೇರೆ ಜಾತಿ: ಮೂರು ಉರುಳೆ, ಮೂರು ಕಾಲುವೆಯ ಒಂದು ಬಟ್ಟಲು. ಹೊರಗಿನದು 45 ಡಿಗ್ರಿಯಷ್ಟು ಬಾಗಬಲ್ಲದು. ಒಳಗಿನದು ಅದರ ಸುಮಾರು ಅರ್ಧದಷ್ಟು ಮಾತ್ರ ಬಾಗಬಲ್ಲದು, ಆದರೆ ಚಕ್ರ ಮೇಲೆ ಕೆಳಗೆ ಹೋದಾಗ ಶಾಫ್ಟ್ ಉದ್ದ ಹೊಂದಿಸಿಕೊಳ್ಳಲು ಒಳಕ್ಕೆ ಹೊರಕ್ಕೆ ಜಾರುತ್ತದೆ.

ತಿರುಗಿಸುವಾಗ ಕಟಕಟ ಅನ್ನುವುದು ಹೊರ ಜಾಯಿಂಟ್. ನಿಮ್ಮದು ಅದೇ.

ಈಗ ತಗ್ಗಿಸಿದ್ದರ ಲೆಕ್ಕ ನೋಡೋಣ. ನಿಮ್ಮದರಂಥ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಗೇರ್‌ಬಾಕ್ಸ್ ಎಡಗಡೆಗೆ ಕೂತಿರುತ್ತದೆ, ಆದ್ದರಿಂದ ಎಡಗಡೆ ಶಾಫ್ಟ್ ಗಿಡ್ಡ, ಬಲಗಡೆಯದು ಉದ್ದ. ಜಾಯಿಂಟಿನಿಂದ ಜಾಯಿಂಟಿಗೆ ಗಿಡ್ಡದ್ದು 35 ಸೆಂಟಿಮೀಟರ್, ಉದ್ದದ್ದು 60 ಇದೆ ಅಂದುಕೊಳ್ಳಿ. 4 ಸೆಂಟಿಮೀಟರ್ ಇಳಿಸಿದರೆ ಗಿಡ್ಡ ಶಾಫ್ಟಿನ ಓರೆ ಆರೂವರೆ ಡಿಗ್ರಿ ಬದಲಾಗುತ್ತದೆ, ಉದ್ದದ್ದು ನಾಲ್ಕು ಡಿಗ್ರಿಯೊಳಗೆ. ‘ನೋಡಿ, ಎಡಗಡೆಯದೇ ಹೋಗಲು ಇದೇ ಕಾರಣ’ ಅನ್ನಿಸಬಹುದು. ಆದರೆ ಕಂಪನಿಯಿಂದ ಬರುವಾಗ ಶಾಫ್ಟ್ ಮಟ್ಟಸವಾಗಿರುವುದು ಕಡಿಮೆ. ಎಷ್ಟೋ ಗಾಡಿಗಳಲ್ಲಿ ಗೇರ್‌ಬಾಕ್ಸ್ ತುದಿ ಸ್ವಲ್ಪ ಮೇಲೆ, ಚಕ್ರದ ತುದಿ ಸ್ವಲ್ಪ ಕೆಳಗೆ ಇರುತ್ತದೆ. ಗಾಡಿ ಇಳಿದಾಗ ಶಾಫ್ಟ್ ಮೊದಲು ಮಟ್ಟಕ್ಕೆ ಬರುತ್ತದೆ, ಆಮೇಲೆ ಆಚೆ ಕಡೆಗೆ ವಾಲುತ್ತದೆ. ಅಂದರೆ 2 ಸೆಂಟಿಮೀಟರ್ ತಗ್ಗಿಸಿದವನ ಶಾಫ್ಟ್ ಮೊದಲಿಗಿಂತ ನೆಟ್ಟಗಾಗಿರುವುದೂ ಉಂಟು.

ಇನ್ನೊಂದು ವಿಷಯ, ಇದನ್ನು ಗ್ಯಾರೇಜುಗಳಲ್ಲಿ ಯಾರೂ ಹೇಳುವುದಿಲ್ಲ. ಸ್ಟೇರಿಂಗ್ ಪೂರ್ತಿ ಎಡಕ್ಕೆ ಕಟ್ ಮಾಡಿದಾಗ ಎಡ ಚಕ್ರ ಸುಮಾರು 38 ಡಿಗ್ರಿ ತಿರುಗುತ್ತದೆ ಅಂತಿಟ್ಟುಕೊಳ್ಳಿ. ಶಾಫ್ಟಿನ 6 ಡಿಗ್ರಿ ಓರೆಯನ್ನು ಅದಕ್ಕೆ ಕೂಡಿದರೆ 44 ಆಗುವುದಿಲ್ಲ. ಒಂದು ಅಡ್ಡ, ಒಂದು ಲಂಬ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಹೊರ ಜಾಯಿಂಟಿಗೆ ಬೀಳುವ ಒಟ್ಟು ಕೋನ ಮೂವತ್ತೆಂಟೂವರೆ, ಅಷ್ಟೆ. ತಗ್ಗಿಸಿದ್ದರಿಂದ ಫುಲ್ ಕಟ್‌ನಲ್ಲಿ ಹೊರ ಜಾಯಿಂಟಿಗೆ ಆದ ಹೆಚ್ಚುವರಿ ಕಷ್ಟ ಅರ್ಧ ಡಿಗ್ರಿ. ಅದಕ್ಕಾಗಿ ಆಕ್ಸಲ್ ಹೋಗುವುದಿಲ್ಲ.

ಹಾಗಾದರೆ ಹೋದದ್ದು ಯಾಕೆ? ನೀವು ರ್‍ಯಾಂಪ್ ಹತ್ತುವ ರೀತಿಯಿಂದ. ಆ ರೀತಿ ಬಂದದ್ದು ಗಾಡಿ ತಗ್ಗಿಸಿದ ಮೇಲೆ. ಮೊದಲು ನೇರವಾಗಿ ಹತ್ತುತ್ತಿದ್ದಿರಿ, ಈಗ ಬಂಪರ್ ಉಜ್ಜುತ್ತದೆಂದು ಓರೆ ಹೋಗುತ್ತೀರಿ. ತಗ್ಗಿಸಿದ್ದು ಆಕ್ಸಲನ್ನು ತಾನೇ ಮುರಿಯಲಿಲ್ಲ, ನಿಮ್ಮ ಕೈಯ ಅಭ್ಯಾಸವನ್ನು ಬದಲಿಸಿತು. ತಗ್ಗಿಸಿದ ಗಾಡಿಗಳಲ್ಲಿ ನಾನು ಕಂಡ ಆಕ್ಸಲ್ ತೊಂದರೆಗಳಲ್ಲಿ ಬಹುಪಾಲು ಈ ದಾರಿಯಲ್ಲೇ ಬಂದವು.

ಆ ರ್‍ಯಾಂಪಿನಲ್ಲಿ ಏನಾಗುತ್ತದೆ ಅನ್ನುವುದನ್ನು ನಿಧಾನವಾಗಿ ನೋಡಿ. ರಸ್ತೆಯಲ್ಲಿ ನಿಲ್ಲಿಸುತ್ತೀರಿ. ಎಡಕ್ಕೆ ಫುಲ್ ಕಟ್. ಫಸ್ಟ್ ಗೇರ್. ಮುಂದಿನ ಎಡ ಚಕ್ರ ಚಪ್ಪಡಿಯ ಅಂಚಿಗೆ ತಾಗಿ ನಿಲ್ಲುತ್ತದೆ. ಆಕ್ಸಿಲರೇಟರ್ ಒತ್ತಿ ಕ್ಲಚ್ ಬಿಡುತ್ತೀರಿ, ಗಾಡಿ ಒಂದು ಸಲ ನಡುಗಿ ಮೇಲೇರುತ್ತದೆ. ಎಂಜಿನ್ 110 ನ್ಯೂಟನ್ ಮೀಟರ್ ತಿರುಚು ಕೊಟ್ಟರೆ ಫಸ್ಟ್ ಗೇರ್, ಫೈನಲ್ ಗೇರ್ ಎರಡೂ ಸೇರಿ ಅದನ್ನು ಸುಮಾರು 15 ಪಟ್ಟು ಮಾಡುತ್ತವೆ. ಇಬ್ಭಾಗವಾಗಿ ಒಂದೊಂದು ಶಾಫ್ಟಿಗೆ 800ರ ಆಸುಪಾಸು. ಹೆದ್ದಾರಿಯಲ್ಲಿ ಟಾಪ್ ಗೇರಿನಲ್ಲಿ 90–100ರಲ್ಲಿ ಹೋಗುವಾಗ ಅದೇ ಶಾಫ್ಟಿನ ಮೇಲೆ ಬೀಳುವುದು ನನ್ನ ಅಂದಾಜಿನಲ್ಲಿ 75 ಮಾತ್ರ, ಅದೂ ಶಾಫ್ಟ್ ಹೆಚ್ಚುಕಡಿಮೆ ನೆಟ್ಟಗಿರುವಾಗ. ರ್‍ಯಾಂಪಿನಲ್ಲಿ ಹತ್ತು ಪಟ್ಟು ಭಾರ, ಅದೂ ಜಾಯಿಂಟ್ ಹೆಚ್ಚುಕಡಿಮೆ ಪೂರ್ತಿ ಬಾಗಿರುವಾಗ. ಅಷ್ಟು ಬಾಗಿದಾಗ ಆರು ಗುಂಡೂ ಸಮನಾಗಿ ಭಾರ ಹೊರುವುದಿಲ್ಲ. ಕೆಲವು ಗುಂಡು ಕಾಲುವೆಯ ಕೊನೇ ತುದಿಗೆ ಹೋಗಿ ಅಲ್ಲಿ ಒತ್ತುತ್ತವೆ, ಕೇಜಿನ ಕಿಟಕಿಯ ಮೂಲೆಗಳ ಮೇಲೆ ಜಗ್ಗಾಟ ಬೀಳುತ್ತದೆ.

ಎಡಕ್ಕೆ ತಿರುಗಿಸಿದಾಗ ಒಳ ಸುತ್ತಿನ ಚಕ್ರ ಎಡಗಡೆಯದು, ಅದು ಬಲ ಚಕ್ರಕ್ಕಿಂತ ಐದಾರು ಡಿಗ್ರಿ ಹೆಚ್ಚೇ ತಿರುಗುತ್ತದೆ. ಬೆಳಿಗ್ಗೆ ರಿವರ್ಸ್ ಬರುವಾಗಲೂ ಅದೇ ಎಡ ಕಟ್. ಬಲಗಡೆ ಜಾಯಿಂಟ್ ಉಳಿದದ್ದು ಹೀಗೆ.

ಟೈರಿನ ಪಾಲೂ ಇದೆ. ಕಂಪನಿ ಕೊಟ್ಟ ಸಣ್ಣ ಟೈರು ಇಂಥ ಜಾಗದಲ್ಲಿ ಚೂರು ಜಾರಿಬಿಡುತ್ತಿತ್ತು, ‘ಕೀಚ್’ ಅಂತ ಒಂದು ಸದ್ದು ಬಂದು ಜಗ್ಗಾಟ ಅಲ್ಲೇ ಮುಗಿಯುತ್ತಿತ್ತು. ಮನೆಯ ಫ್ಯೂಸ್ ಹೋಗಿ ಟೀವಿ ಉಳಿಯುತ್ತದಲ್ಲ, ಹಾಗೆ ಟೈರು ಜಾರಿ ಆಕ್ಸಲ್ ಉಳಿಯುತ್ತಿತ್ತು. ಅಗಲದ ಟೈರು ಸುಲಭಕ್ಕೆ ಜಾರುವುದಿಲ್ಲ. ಹೆಚ್ಚು ಹಿಡಿತ ರಸ್ತೆಯಲ್ಲಿ ಒಳ್ಳೆಯದೇ, ಆದರೆ ಚಪ್ಪಡಿ ಅಂಚಿನಲ್ಲಿ ಆ ಪೂರ್ತಿ ಜಗ್ಗಾಟವನ್ನು ಆರು ಗುಂಡುಗಳೇ ತಿನ್ನಬೇಕು.

‘ದಿನಾ 90 ಕಿಲೋಮೀಟರ್ ಓಡಿಸ್ತೀನಿ, ಹೆದ್ದಾರಿ ಓಡಾಟವೇ ಸವೆಸಿರಬೇಕು’ ಎಂಬ ಅನುಮಾನವೂ ನಿಮಗಿರಬಹುದು. ನಿಮ್ಮ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 540 ಸುತ್ತು ಸುತ್ತುತ್ತದೆ, ಹೋಗಿಬರಲು ದಿನಕ್ಕೆ 48 ಸಾವಿರ ಸುತ್ತು. ರ್‍ಯಾಂಪಿನ ಹದಿನೈದು ಅಡಿಗೆ ಎರಡೂವರೆ ಸುತ್ತು. ಆದರೂ ನಾನು ರ್‍ಯಾಂಪನ್ನೇ ದೂರುತ್ತೇನೆ. ಶಾಫ್ಟ್ ನೆಟ್ಟಗಿದ್ದು, ಜಾಯಿಂಟ್ ಮುಚ್ಚಿರುವ ರಬ್ಬರ್ ಬೂಟು ಹರಿಯದೆ, ಗ್ರೀಸ್ ಶುದ್ಧವಾಗಿದ್ದರೆ ಹೆದ್ದಾರಿಯ ಸುತ್ತುಗಳಲ್ಲಿ ಗುಂಡುಗಳು ಕಾಲುವೆಯ ನಡುವೆ ಅಲ್ಲಲ್ಲೇ ಆಡುತ್ತಿರುತ್ತವೆ, ಸವೆತ ನಾಮಕಾವಸ್ತೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದಲ್ಲಿ ಗೇರ್ ಇಳಿಸಿ ಏರಿಸಿ ಹೋಗುವ ಕಾಟ ಕಡಿಮೆಯಾಗಿದೆ. ಆಕ್ಸಲ್ ಮಟ್ಟಿಗೆ ಅದೊಂದು ಉಪಕಾರ. ಚಾಮುಂಡಿ ಬೆಟ್ಟಕ್ಕೆ ಬಾಡಿಗೆ ಹೊಡೆಯುವ ಗಾಡಿಗಳು ದಿನಕ್ಕೆರಡು ಸಲ ಬೆಟ್ಟ ಹತ್ತಿ ಇಳಿದರೂ ಕಂಪನಿಯ ಆಕ್ಸಲಿನಲ್ಲೇ ಲಕ್ಷ ದಾಟಿದ್ದನ್ನು ನೋಡಿದ್ದೇನೆ. ಆ ಡ್ರೈವರುಗಳು ತಿರುವಿನಲ್ಲಿ ಆಕ್ಸಿಲರೇಟರ್ ಸಡಿಲ ಬಿಟ್ಟು, ಸ್ಟೇರಿಂಗ್ ನೆಟ್ಟಗಾಗುತ್ತಾ ಬಂದಂತೆ ಒತ್ತುತ್ತಾರೆ.

ಇನ್ನು ಬೂಟು. ಜಾಯಿಂಟ್ ಮೇಲೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿರುವ ಕಪ್ಪು ರಬ್ಬರ್. ಇದೊಂದು ಹರಿದರೆ ಮಿಕ್ಕ ಯಾವ ಲೆಕ್ಕವೂ ಉಪಯೋಗಕ್ಕಿಲ್ಲ. ಮಂಡ್ಯ ಸೀಮೆಯ ಗಾಡಿಗಳಿಗೆ ಇದು ದೊಡ್ಡ ಶತ್ರು. ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರಿನಿಂದ ಬಿದ್ದ ಕಬ್ಬು, ತರಗು ರಸ್ತೆ ತುಂಬ ಇರುತ್ತದೆ. ತಗ್ಗಿಸಿದ ಗಾಡಿ ಅದನ್ನೆಲ್ಲ ಹೊಟ್ಟೆಯಲ್ಲಿ ಉಜ್ಜಿಕೊಂಡೇ ಹೋಗುತ್ತದೆ. ಹೋದ ವರ್ಷ ನಾಗಮಂಗಲ ಕಡೆಯ ಒಂದು ಗಾಡಿ ಬಂತು, ತಗ್ಗಿಸಿರಲಿಲ್ಲ, ಏನೂ ಇಲ್ಲ. ಬೂಟಿನ ಎರಡನೇ ಮಡಿಕೆಯೊಳಗೆ ಕಬ್ಬಿನ ಗರಿಯ ಒಂದು ಒಣ ಸೀಳು ಬೆರಳುದ್ದ ಸಿಕ್ಕಿಕೊಂಡು, ಗಾಡಿ ಓಡಿದಷ್ಟೂ ಉಜ್ಜಿ ಉಜ್ಜಿ ಅಲ್ಲೇ ಗೀರಿತ್ತು. ಒಳಗಿನ ಗ್ರೀಸ್ ತೆಗೆದು ಎರಡು ಬೆರಳಿನ ನಡುವೆ ತಿಕ್ಕಿದರೆ ನುಣುಪಿಲ್ಲ, ಮರಳು. ಬಣ್ಣ ಕಪ್ಪು ಹೋಗಿ ರಾಗಿ ಅಂಬಲಿಯ ಹಾಗಾಗಿತ್ತು. ಸಾಣೆ ಹಿಡಿಯಲು ಬೇರೆ ಮದ್ದು ಬೇಡ, ನಮ್ಮ ಕೆಮ್ಮಣ್ಣು ಗ್ರೀಸಿನಲ್ಲಿ ಕಲಸಿದರೆ ಸಾಕು. ಅಂಥ ಜಾಯಿಂಟ್ ಎಷ್ಟು ಜೋಪಾನವಾಗಿ ಓಡಿಸಿದರೂ ಉಳಿಯುವುದಿಲ್ಲ.

ನಿಮ್ಮ ಸ್ನೇಹಿತರ ಮಾತಿನಲ್ಲೂ ಹುರುಳಿಲ್ಲದೆ ಇಲ್ಲ. ರೀಕಂಡಿಷನ್ ಆಕ್ಸಲ್ ಅಂತ ಕೊಡುವುದರಲ್ಲಿ ಎರಡು ಥರ. ಸವೆದ ಕಾಲುವೆಯನ್ನು ಸರಿಯಾಗಿ ಅರೆದು, ಅದಕ್ಕೆ ತಕ್ಕ ದಪ್ಪದ ಗುಂಡು ಹಾಕಿದ್ದು ಒಂದು. ಬರೀ ತೊಳೆದು, ಹೊಸ ಬೂಟು ಏರಿಸಿ, ಬಣ್ಣ ಬಳಿದದ್ದು ಇನ್ನೊಂದು. ಹೊರಗಿಂದ ನೋಡಿದರೆ ಎರಡೂ ಒಂದೇ. ಬೂಟಿನ ಉಕ್ಕಿನ ಪಟ್ಟಿ ಇರಬೇಕಾದ ಜಾಗದಲ್ಲಿ ಕಟ್ಟು ತಂತಿಯೋ ಪ್ಲಾಸ್ಟಿಕ್ ಟ್ಯಾಗೋ ಕಂಡರೆ ಆ ಆಕ್ಸಲ್ ತೆಗೆದುಕೊಳ್ಳಬೇಡಿ. ಗ್ರೀಸ್ ಕೂಡ ಕಪ್ಪಗಿನ ಮಾಲಿಬ್ಡಿನಂ ಗ್ರೀಸೇ ಆಗಬೇಕು. ಬೇರಿಂಗಿಗೆ ಹಾಕುವ ಹಳದಿ ಗ್ರೀಸ್ ಇಷ್ಟು ಒತ್ತಡಕ್ಕೆ ತಡೆಯುವುದಿಲ್ಲ.

ತಗ್ಗಿಸಿದ್ದರಿಂದ ನೇರವಾಗಿ ಪೆಟ್ಟು ಬೀಳುವುದು ಒಳ ಜಾಯಿಂಟಿಗೆ. ನಿಮಗಿನ್ನೂ ಆ ತೊಂದರೆ ಬಂದಂತಿಲ್ಲ, ಆದರೆ ಬರಬಹುದು. ಆ ಮೂರು ಉರುಳೆಗಳು ವರ್ಷಗಟ್ಟಲೆ ಬಟ್ಟಲಿನ ಒಂದೇ ಜಾಗದಲ್ಲಿ ಓಡಾಡಿ ಅಲ್ಲಿ ಸಣ್ಣಗೆ ಹಳ್ಳ ತೋಡಿಕೊಂಡಿರುತ್ತವೆ. ಗಾಡಿ ಇಳಿಸಿದಾಗ ಉರುಳೆ ಕೂರುವ ಜಾಗ ಸರಿಯುತ್ತದೆ, ಸುತ್ತುಸುತ್ತಿಗೂ ಹಳೇ ಹಳ್ಳದ ಅಂಚು ಹತ್ತಿ ಇಳಿಯಬೇಕು. ಆಗ 40–60ರ ವೇಗದಲ್ಲಿ ಆಕ್ಸಿಲರೇಟರ್ ಒತ್ತಿದರೆ ಗಾಡಿಯ ಮೂತಿ ಅಡ್ಡಡ್ಡ ನಡುಗುತ್ತದೆ, ಕಾಲು ತೆಗೆದ ತಕ್ಷಣ ನಿಂತುಹೋಗುತ್ತದೆ. ಎಷ್ಟೋ ಜನ ಇದನ್ನು ವೀಲ್ ಬ್ಯಾಲೆನ್ಸಿಂಗ್ ತೊಂದರೆ ಅಂದುಕೊಂಡು ಟೈರಿನ ಅಂಗಡಿ ಸುತ್ತುತ್ತಾರೆ. ತುಂಬಾ ತಗ್ಗಿಸಿದ ಗಾಡಿಯಲ್ಲಿ ಹಂಪಿನ ಮೇಲೆ ಧಡ್ ಅಂತ ಇಳಿದಾಗ ಶಾಫ್ಟಿನ ತುದಿ ಬಟ್ಟಲಿನ ತಳಕ್ಕೇ ಗುದ್ದುವುದೂ ಉಂಟು, ಆ ಗುದ್ದು ನೇರ ಗೇರ್‌ಬಾಕ್ಸಿಗೆ. ನಿಮ್ಮ ಗಾಡಿಗೆ ಹತ್ತು ವರ್ಷ ದಾಟಿದೆ. ಗೇರ್‌ಬಾಕ್ಸ್ ಹೊತ್ತಿರುವ ರಬ್ಬರ್ ಮೌಂಟಿಂಗ್ ಕುಸಿದಿದ್ದರೆ ಶಾಫ್ಟಿನ ಒಳ ತುದಿ ಇನ್ನೂ ಕೆಳಗಿಳಿದು, ತಗ್ಗಿಸಿದ್ದಕ್ಕೆ ಇದೂ ಕೂಡಿಕೊಳ್ಳುತ್ತದೆ. ಅದನ್ನು ತಪ್ಪದೆ ನೋಡಿಸಿ.

ಸ್ಪ್ರಿಂಗ್ ವಿಷಯದಲ್ಲಿ ಕಟ್ಟುನಿಟ್ಟಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕತ್ತರಿಸಿದ ಸ್ಪ್ರಿಂಗ್ ತೆಗೆದುಹಾಕಿ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದನ್ನು ತೆಗೆದರೆ ಸ್ಪ್ರಿಂಗ್ ಐದನೇ ಒಂದು ಭಾಗ ಬಿಗಿಯಾಗುತ್ತದೆ, ಶಾಕ್ ಅಬ್ಸಾರ್ಬರ್ ಮಾತ್ರ ಹಳೇ ಸ್ಪ್ರಿಂಗಿಗೆ ಲೆಕ್ಕ ಹಾಕಿದ್ದೇ. ಕತ್ತರಿಸಿದ ತುದಿ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ಪೂರ್ತಿ ನೇತುಬಿದ್ದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಡಬಹುದು. ಎರಡೂ ಕಡೆ ಮಕ್ಕಳು ಓಡಾಡುವ ಹಳ್ಳಿ ರಸ್ತೆಯಲ್ಲಿ ಅದು ಆಗುವುದು ಬೇಡ. ತಗ್ಗಿರಲೇಬೇಕೆಂಬ ಆಸೆ ಇದ್ದರೆ, ಅದಕ್ಕೆಂದೇ ಮಾಡಿದ ಸ್ಪ್ರಿಂಗಿನಲ್ಲಿ 2 ಸೆಂಟಿಮೀಟರಿಗೆ ನಿಲ್ಲಿಸಿ. ನನ್ನನ್ನು ಕೇಳಿದರೆ ಕಂಪನಿಯ ಎತ್ತರವೇ ಸರಿ. ರಸ್ತೆ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆ ಇಟ್ಟಿದೆ. ನಮ್ಮ ಊರುಗಳ ಹಂಪುಗಳನ್ನು ಹಾಕುವವರು ಆ ಅಳತೆ ನೋಡಿ ಹಾಕುವುದಿಲ್ಲ, ದಿಂಬಿನ ಹಾಗೆ ಗಿಡ್ಡಕ್ಕೆ ದಪ್ಪಕ್ಕೆ ಇರುತ್ತವೆ. ಕಾನೂನಿನ ಮಾತೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಮಾಲೀಕರಿಗೆ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡದ ಅವಕಾಶವಿದೆ. ಅಪಘಾತವಾದಾಗ ವಿಮೆಯವರು ಮೊದಲು ಹುಡುಕುವುದೂ ಇಂಥದ್ದನ್ನೇ.

ಓಡಿಸುವ ವಿಚಾರದಲ್ಲಿ ನೀವು ಬದಲಾಯಿಸಬೇಕಾದ್ದು ಸ್ವಲ್ಪ. ಸ್ಟೇರಿಂಗ್ ಕೊನೆ ಮುಟ್ಟಿದ ಮೇಲೆ ಕಾಲು ಸುತ್ತು ಹಿಂದಕ್ಕೆ ಬಿಟ್ಟು ಆಮೇಲೆ ಕ್ಲಚ್ ಬಿಡಿ. ಚಪ್ಪಡಿ ಅಂಚಿಗೆ ಚಕ್ರ ತಾಗಿಸಿ ನಿಂತು ಹೊರಡಬೇಡಿ, ಒಂದು ಮೀಟರ್ ಹಿಂದಿನಿಂದಲೇ ನಡಿಗೆಯ ವೇಗದಲ್ಲಿ ಬನ್ನಿ. ಎತ್ತರ ಸರಿಯಾದ ಮೇಲೆ ನೇರವಾಗಿಯೇ ಹತ್ತಬಹುದು. ಅಲ್ಲಿಯವರೆಗೆ ಗಾರೆಯವರನ್ನು ಕರೆಸಿ ರ್‍ಯಾಂಪಿನ ಬುಡವನ್ನು ಎರಡು ಅಡಿ ಮುಂದಕ್ಕೆ ಇಳಿಜಾರು ಮಾಡಿಸಿ, ಒಂದು ಆಕ್ಸಲಿಗಿಂತ ಅಗ್ಗಕ್ಕೆ ಮುಗಿಯುತ್ತದೆ. ಹಂಪಿನಲ್ಲಿ ಇನ್ನೊಂದು ಕೆಟ್ಟ ಅಭ್ಯಾಸ ಎಲ್ಲರಿಗೂ ಇದೆ: ಮುಂದಿನ ಚಕ್ರ ಹಂಪು ಇಳಿಯುತ್ತಿರುವಾಗಲೇ ಆಕ್ಸಿಲರೇಟರ್ ಒತ್ತುವುದು. ಆಗ ಚಕ್ರದ ಮೇಲೆ ಭಾರ ಇರುವುದಿಲ್ಲ, ಸುಮ್ಮನೆ ಸುತ್ತುತ್ತದೆ, ಮರುಕ್ಷಣ ರಸ್ತೆ ಹಿಡಿದಾಗ ಆ ಸುತ್ತೆಲ್ಲ ಒಂದೇ ಏಟಾಗಿ ಶಾಫ್ಟಿಗೆ ಬೀಳುತ್ತದೆ. ಹಿಂದಿನ ಚಕ್ರವೂ ದಾಟಲಿ, ಆಮೇಲೆ ಒತ್ತಿ.

ಈಗಿನ ಕಟಕಟಕ್ಕೆ ಬರೋಣ. ಯಾವುದಾದರೂ ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕ ಕಿಟಕಿ ಇಳಿಸಿ ನಿಧಾನ ಹೋಗಿ, ಸದ್ದು ಗೋಡೆಗೆ ತಾಗಿ ಸ್ಪಷ್ಟವಾಗಿ ಕೇಳುತ್ತದೆ. ನೇರ ಹೋಗುವಾಗ ಸದ್ದಿಲ್ಲದೆ, ತಿರುಗಿಸಿದಾಗ ಮಾತ್ರ ಬಂದರೆ ಇನ್ನೂ ಸ್ವಲ್ಪ ದಿನ ಸಮಯವಿದೆ. ನೇರ ಹೋಗುವಾಗಲೂ ಬಂದರೆ ದಶಪಥಕ್ಕೆ ಹತ್ತಿಸಬೇಡಿ. ಕೇಜ್ ಒಡೆದರೆ ಗಾಡಿ ಎಳೆಯುವುದನ್ನೇ ನಿಲ್ಲಿಸುತ್ತದೆ, 100ರಲ್ಲಿ ಬರುವ ಗಾಡಿಗಳ ನಡುವೆ ಹಾಗಾಗಬಾರದು. ಹೊಸದು ಹಾಕಿಸುವಾಗ ಹಬ್ಬಿನ ದೊಡ್ಡ ನಟ್ ಹೊಸದೇ ಇರಲಿ. ಪೈಪ್ ಸಿಕ್ಕಿಸಿ ಅಂದಾಜಿಗೆ ಬಿಗಿಯದೆ ಬಿಗಿ ಅಳೆಯುವ ಟಾರ್ಕ್ ರೆಂಚಿನಲ್ಲಿ ಕಂಪನಿ ಹೇಳಿದಷ್ಟೇ ಬಿಗಿಯಲಿ. ಆ ನಟ್ ಬಿಗಿಯುವ ಮೊದಲು ಗಾಡಿಯನ್ನು ಜಾಕ್‌ನಿಂದ ಇಳಿಸಿ ಚಕ್ರದ ಮೇಲೆ ಭಾರ ಬಿಡಬಾರದು, ಬೇರಿಂಗ್ ಹೋಗುತ್ತದೆ.

ಬಿಚ್ಚಿದ ಹಳೇ ಆಕ್ಸಲನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ, ಕೇಳಿ ತೆಗೆದುಕೊಳ್ಳಿ. ಹೊರ ಜಾಯಿಂಟಿನ ಬೂಟು ಕೊಯ್ದು, ಸೀಮೆಎಣ್ಣೆಯೋ ಡೀಸೆಲ್ಲೋ ಹಾಕಿ ತೊಳೆದು, ಗುಂಡು ಒಂದೊಂದಾಗಿ ಎಬ್ಬಿಸಿ ತೆಗೆದು, ಬಿಸಿಲಿಗೆ ಹಿಡಿದು ಕಾಲುವೆಗಳನ್ನು ನೋಡಿ. ಗುಳಿಗಳು ಕಾಲುವೆಯ ಎರಡು ತುದಿಯಲ್ಲಿದ್ದು ನಡುವೆ ಕನ್ನಡಿಯ ಹಾಗಿದ್ದರೆ ರ್‍ಯಾಂಪಿನ ಫುಲ್ ಕಟ್ಟೇ ಕಾರಣ. ಕಾಲುವೆಯುದ್ದಕ್ಕೂ ಮಂಕಾಗಿ ಮರಳು ಕಾಗದ ಉಜ್ಜಿದ ಹಾಗಿದ್ದರೆ ಬೂಟು ಹರಿದು ಮಣ್ಣು ಹೊಕ್ಕಿದೆ. ಬೂಟು ಹರಿಯದೆಯೂ ಉಕ್ಕಿನ ಮೇಲ್ಪದರ ಹೊಪ್ಪಳೆ ಹೊಪ್ಪಳೆಯಾಗಿ ಎದ್ದಿದ್ದರೆ ಮಾಲೇ ಕಳಪೆ, ಆಗ ನಿಮ್ಮ ಸ್ನೇಹಿತರು ಹೇಳಿದ್ದು ಸರಿ. ಮೂರರಲ್ಲಿ ಯಾವುದು ಅಂತ ತಿಳಿದ ಮೇಲೆ ನಾಲ್ಕನೇ ಆಕ್ಸಲಿಗೆ ದುಡ್ಡು ಹಾಕುವ ಯೋಚನೆ ಮಾಡಿ.